ಮರಿಯಣ್ಣನ ಉಲ್ಟಾ ಅಂಗಿ

ಮಲ್ಲಿಗೆಯ ವಾಸನೆಗೆ, ಹುರಿದ ಕಾಫಿಬೀಜದ ವಾಸನೆಗೆ ಹಳೆಯದೆಲ್ಲ ನೆನಪಾಗುವವರನ್ನು ಕಂಡಿದ್ದೇನೆ. ನನಗೆ ನೆನಪು ನುಗ್ಗಿ ಬರುವುದು ಯಾವ ವಾಸನೆಯೂ ಇಲ್ಲದ ಒಂದು ಬಿಳಿ ಕ್ರೀಮಿನಿಂದ. ಮೊನ್ನೆ ಚಳಿಗೆ ಕೈ ಒಡೆದಿದೆಯೆಂದು ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಗುಲಾಬಿ, ಬಾದಾಮಿ ಎಂದು ಡಬ್ಬಿಗಳನ್ನು ಸಾಲಾಗಿ ಜೋಡಿಸಿದ. ನಾನು ಒಂದೊಂದನ್ನೇ ಮೂಸಿ ಪಕ್ಕಕ್ಕಿಟ್ಟೆ. ಕೊನೆಗೆ ಅವನು ಬೇಸತ್ತು ಒಂದು ಟ್ಯೂಬನ್ನು ಮುಂದೆ ತಳ್ಳಿ, ಇದನ್ನು ಪೇಶೆಂಟುಗಳು ತೆಗೆದುಕೊಂಡು ಹೋಗುತ್ತಾರೆ ಎಂದ. ಮುಚ್ಚಳ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಆ ಏನೂ ಇಲ್ಲದ್ದರೊಳಗಿಂದ ಪೀಣ್ಯದ ನಮ್ಮ ವರ್ಕ್‌ಶಾಪು ಇಡಿಯಾಗಿ ಎದ್ದು ಬಂತು. ಹಿಂದೆಯೇ ಮರಿಯಣ್ಣ ಬಂದರು.

ನಮ್ಮದು ಇಪ್ಪತ್ತು ಜನರ ಸಣ್ಣ ಶೆಡ್ಡು. ಪಂಪುಗಳೊಳಗೆ ತಿರುಗುವ ಕಬ್ಬಿಣದ ಶಾಫ್ಟು ಮಾಡಿಕೊಡುತ್ತಿದ್ದೆವು. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ನಾನು ಮಾಲು ಸರಿಯಿದೆಯೋ ಇಲ್ಲವೋ ಎಂದು ಅಳೆದು ನೋಡುವವಳು. ಶಾಫ್ಟು ಕಡೆಯುವ ಲೇತ್ ಯಂತ್ರ ತಿರುಗುವಾಗ ಕಬ್ಬಿಣ ಕಾಯದಂತೆ ಮೇಲೆ ಸುರಿಯುವ ಹಾಲಿನಂಥ ಎಣ್ಣೆನೀರಿಗೆ ಕೂಲೆಂಟ್ ಎನ್ನುತ್ತಾರೆ. ಹಳತಾದರೆ ಹುಳಿ ನಾತ. ಅದು ತಾಗಿ ತಾಗಿ ಬೆರಳ ಸಂದಿ, ಮಣಿಕಟ್ಟು ಕೆಂಪಾಗಿ ತುರಿಸುವುದು ಪೀಣ್ಯದಲ್ಲಿ ನೆಗಡಿಯಷ್ಟೇ ಮಾಮೂಲು. ಅದಕ್ಕೆ ನಮ್ಮಲ್ಲಿ ಪಂಗಡಗಳೇ ಇದ್ದವು. ಹೊಂಗೆ ಎಣ್ಣೆಯವರು, ಬೇವಿನ ಸೊಪ್ಪಿನವರು, ಸೀಮೆಎಣ್ಣೆಯಲ್ಲಿ ಕೈ ತೊಳೆದು ಸುಮ್ಮನಾಗುವವರು. ನಾನು ಯಾವ ಪಂಗಡಕ್ಕೂ ಸೇರದೆ ಎಲ್ಲರಿಗೂ ಸಲಹೆ ಕೊಡುತ್ತಿದ್ದೆ. ಕಾಲೇಜು ಓದಿದವರಿಗೆ ಆ ಒಂದು ಕಾಯಿಲೆ ಇರುತ್ತದೆ.

ಮರಿಯಣ್ಣ ಲಗ್ಗೆರೆಯವರು. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತವರು. ಕಿಡ್ನಿಯಲ್ಲಿ ಕ್ಯಾನ್ಸರ್ ಎಂದು ಒಂದು ಕಿಡ್ನಿಯನ್ನೇ ತೆಗೆದಿದ್ದರು. ಎರಡು ವರ್ಷದ ಮೇಲೆ ಅದು ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಆಗ ಆಸ್ಪತ್ರೆಯೊಂದರಲ್ಲಿ ಇಮ್ಯುನೋಥೆರಪಿ ಎಂಬ ಹೊಸ ಬಗೆಯ ಔಷಧಿಯನ್ನು ಪರೀಕ್ಷೆಗಾಗಿ ಕೊಡುತ್ತಿದ್ದರು. ಇವರನ್ನೂ ಸೇರಿಸಿಕೊಂಡರು. ಮೂರು ವಾರಕ್ಕೊಮ್ಮೆ ಹೋಗಿ ಡ್ರಿಪ್ಪಿನಲ್ಲಿ ಏರಿಸಿಕೊಂಡು ಬರಬೇಕು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಅವರು ಹಟ ಮಾಡಿದ್ದಕ್ಕೆ ಮಾಲೀಕರು ಲೇತು ಬಿಡಿಸಿ, ಅರ್ಧ ದಿನ ನನ್ನ ಟೇಬಲ್ಲಿಗೆ ಹಾಕಿದರು.

ಆಸ್ಪತ್ರೆಯವರು ಕೊಟ್ಟ ಪುಸ್ತಿಕೆ ಕನ್ನಡದಲ್ಲೇ ಇತ್ತು. ಆದರೆ "ಗೋಚರಿಸಿದಲ್ಲಿ ತಿಳಿಯಪಡಿಸತಕ್ಕದ್ದು" ಎಂಬ ಜಾತಿಯ ಕನ್ನಡ.

"ಇದನ್ನ ಒಸಿ ಕನ್ನಡದಾಗೆ ಹೇಳಿ ಮೇಡಂ" ಎಂದು ಮರಿಯಣ್ಣ ಊಟದ ಹೊತ್ತಿನಲ್ಲಿ ಅದನ್ನು ನನ್ನ ಮುಂದಿಟ್ಟರು.

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಮೈಯೊಳಗೆ ಒಂದು ಕಾವಲುಪಡೆ ಇರುತ್ತದೆ, ಕ್ಯಾನ್ಸರ್ ಅದನ್ನು ಮಂಕು ಮಾಡಿರುತ್ತದೆ, ಈ ಔಷಧಿ ಅದನ್ನು ಎಬ್ಬಿಸುತ್ತದೆ. ಎದ್ದ ಪಡೆ ಒಮ್ಮೊಮ್ಮೆ ಒಳ್ಳೆಯ ಚರ್ಮಕ್ಕೂ ಹೊಡೆಯುತ್ತದೆ. ಅದಕ್ಕೇ ದದ್ದು, ತುರಿಕೆ ಕಂಡರೆ ಅವತ್ತೇ ಫೋನ್ ಮಾಡಬೇಕು.

"ಲಾಠಿ ಚಾರ್ಜ್ ಅನ್ನಿ" ಎಂದರು ಮರಿಯಣ್ಣ. "ಕಳ್ಳನ ಜೊತೆ ದಾರೀಲಿ ನಿಂತೋನ್ಗೂ ಒಂದೇಟು."

ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ಅವತ್ತೇ ಫೋನ್ ಮಾಡಬೇಕು ಎಂಬ ಮಾತನ್ನು ಗಟ್ಟಿಯಾಗಿ ಓದಿ ಹೇಳಿದವಳು ನಾನೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮರೆತೆ.

ಐದನೆಯ ಸಲ ಔಷಧಿ ಏರಿಸಿಕೊಂಡು ಬಂದ ವಾರ ಮರಿಯಣ್ಣನ ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ ಎದ್ದವು. ಕೈ ಚಾಚಿ ತೋರಿಸಿದರು. ನಾನು ಒಂದು ಕ್ಷಣ ನೋಡಿ, ಕೂಲೆಂಟ್ ಕಡಿತ ಎಂದು ತೀರ್ಪು ಕೊಟ್ಟೆ. ಮಾಲು ಒದ್ದೆಯಾಗಿಯೇ ಟೇಬಲ್ಲಿಗೆ ಬರುತ್ತಿತ್ತಲ್ಲ, ಬೇರೇನಿದ್ದೀತು? ಅಷ್ಟಕ್ಕೇ ಬಿಡಲಿಲ್ಲ. ಮೂರು ಮಷೀನುಗಳ ಟ್ಯಾಂಕ್ ಖಾಲಿ ಮಾಡಿಸಿ, ನಿಂತು ತೊಳೆಸಿ, ಹೊಸ ಕೂಲೆಂಟ್ ತುಂಬಿಸಿದೆ. ಹಳತನ್ನು ಹಾಗೇ ಬಿಟ್ಟಿದ್ದಕ್ಕೆ ಆಪರೇಟರುಗಳನ್ನು ಬೈದೆ. ಕೂದಲೆಳೆಯಷ್ಟು ತಪ್ಪಿದ ಶಾಫ್ಟನ್ನು ಹಿಂದಕ್ಕೆ ಕಳಿಸುತ್ತಿದ್ದವಳು ಆ ಕೈಯನ್ನು ಎರಡನೆಯ ಸಲ ನೋಡಲಿಲ್ಲ. ಮಾರನೆಯ ದಿನದಿಂದ ಮರಿಯಣ್ಣ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದರು. ಕೇಳಿದರೆ, ಗುಣವಾಗ್ತಾ ಐತೆ ಎನ್ನುತ್ತಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಮರಿಯಣ್ಣನನ್ನು ಕರೆದುಕೊಂಡು ಅವರ ಹೆಂಡತಿ ಪುಟ್ಟಮ್ಮ ನೇರವಾಗಿ ನನ್ನ ಟೇಬಲ್ಲಿಗೆ ಬಂದರು. ಗಾರ್ಮೆಂಟ್ಸಿನಲ್ಲಿ ಟೈಲರ್. ಅವತ್ತು ರಜೆ ಹಾಕಿ ಬಂದಿದ್ದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಗಂಡನನ್ನು ತಿರುಗಿಸಿ ನಿಲ್ಲಿಸಿ ಅಂಗಿ ಮೇಲೆತ್ತಿದರು. ಬೆನ್ನು ಪೂರ್ತಿ ಕೆಂಪಗಾಗಿತ್ತು. ಸೊಂಟದ ಹತ್ತಿರ ನೀರು ತುಂಬಿದ ಬೊಬ್ಬೆಗಳು.

"ಕೈಗಾದ್ರೆ ಸರಿ ಮೇಡಂ" ಎಂದರು ಪುಟ್ಟಮ್ಮ. "ಬೆನ್ನಿಗೆ ಕೂಲೆಂಟ್ ಯಾರು ಸುರುದ್ರು?"

ಅಳತೆಯ ವರ್ನಿಯರನ್ನು ಟೇಬಲ್ಲಿನ ಮೇಲಿಟ್ಟು ಎದ್ದೆ. ಬಾಯೊಳಗೂ ಹುಣ್ಣಾಗಿ ಎರಡು ದಿನದಿಂದ ಅನ್ನ ನುಂಗಿಲ್ಲ, ಡಬ್ಬಿಯ ಊಟವನ್ನು ಬೇರೆಯವರಿಗೆ ಹಂಚುತ್ತಿದ್ದಾರೆ ಎಂಬುದೂ ಆಗಲೇ ಗೊತ್ತಾಯಿತು. ಮೂವರೂ ಆಟೋ ಹತ್ತಿದೆವು. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ನಿಂತಾಗ ಮರಿಯಣ್ಣ ಹೊರಗೆ ನೋಡುತ್ತಾ ಬಾಯಿಬಿಟ್ಟರು.

"ಹೇಳಿದ್ರೆ ಔಷ್ದಿ ನಿಲ್ಲಿಸ್ಬುಡ್ತಾರೆ ಮೇಡಂ. ಗಡ್ಡೆ ಕರಗ್ತಾ ಐತೆ ಅಂತ ಹೋದ್ ಸಲ ಅಂದವ್ರೆ. ನೀವು ಕೂಲೆಂಟ್ ಅಂದ್ರಲ್ಲ, ಅದೇ ಇರ್ಲಿ ಅಂತ ಇಟ್ಕಂಡೆ."

ಡಾಕ್ಟರು ನೋಡಿದ ಕೂಡಲೇ ಅಡ್ಮಿಟ್ ಮಾಡಿಸಿದರು. ಮರಿಯಣ್ಣ ಹೆದರಿದಂತೆಯೇ ಔಷಧಿ ನಿಂತಿತು. ಕೆರಳಿದ ಕಾವಲುಪಡೆಯನ್ನು ತಣ್ಣಗೆ ಮಾಡಲು ಸ್ಟೆರಾಯಿಡ್ ಶುರುವಾಯಿತು. "ಇನ್ನೆರಡು ದಿನ ಬಿಟ್ಟು ಬಂದಿದ್ದರೆ..." ಎಂದ ಡಾಕ್ಟರು ನನ್ನ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದರು. ಅವರು ಬಿಟ್ಟ ಆ ವಾಕ್ಯವನ್ನು ನಾನು ಇವತ್ತಿಗೂ ಒಂದೊಂದು ದಿನ ಒಂದೊಂದು ರೀತಿಯಲ್ಲಿ ಮುಗಿಸುತ್ತಿರುತ್ತೇನೆ. ಬಸ್ಸಿನಲ್ಲಿ ಕೂತಿರುವಾಗ, ಪಾತ್ರೆ ತೊಳೆಯುವಾಗ. ಪುಟ್ಟಮ್ಮನಿಗೆ ಅವತ್ತು ರಜೆ ಸಿಗದಿದ್ದರೆ ಎಂದು ಶುರುವಾದರೆ ಇಳಿಯುವ ಸ್ಟಾಪು ದಾಟಿಹೋಗಿರುತ್ತದೆ.

ಆದರೆ ನಾನು ನಿಮಗೆ ಹೇಳಬೇಕೆಂದು ಕೂತದ್ದು ಆಮೇಲಿನ ತಿಂಗಳುಗಳ ಕಥೆ. ನೆನೆದರೆ ಈಗಲೂ ನಗು ಬರುತ್ತದೆ. ಬಿಡುಗಡೆಯ ದಿನ ನರ್ಸಮ್ಮ ಪಾಠ ಮಾಡಿದರು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಘಮಘಮ ಅನ್ನುವ ಸೋಪು ಪೌಡರು ಯಾವುದೂ ಬೇಡ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಪಸೆ ಇರುವಾಗಲೇ ವಾಸನೆ ಇಲ್ಲದ ಕ್ರೀಮ್ ಹಚ್ಚಬೇಕು. ಬಿಸಿಲಿಗೆ ಮೈ ಒಡ್ಡಬಾರದು. ಈ ಸಲ ನಾನು ವಿವರಿಸಲು ಹೋಗಲಿಲ್ಲ, ಒಂದೊಂದನ್ನೂ ಬರೆದುಕೊಂಡೆ. ಕುದಿಯುವ ನೀರು ಸುರಿದುಕೊಂಡು ಬೆನ್ನನ್ನು ಕಲ್ಲಿನಿಂದ ತಿಕ್ಕಿದರೇನೇ ಸ್ನಾನ ಎಂದು ನಂಬಿದ್ದ ಮರಿಯಣ್ಣನಿಗೆ ಇದು ಕೂಸಿನ ಆರೈಕೆಯಂತೆ ಕಂಡು ನಾಚಿಕೆಯಾಯಿತು. ಪುಟ್ಟಮ್ಮ ಮಾತ್ರ ಎಲ್ಲ ಕೇಳಿಸಿಕೊಂಡು, ಅಂಗಿಯ ಒಳಹೊಲಿಗೆ ಚರ್ಮಕ್ಕೆ ಉಜ್ಜುತ್ತದಲ್ಲವೇ ಎಂದರು. ನರ್ಸಮ್ಮನಿಗೆ ಈ ಪ್ರಶ್ನೆ ಹೊಸದು.

ಒಂದೇ ವಾರದಲ್ಲಿ ಹಳೆಯ ಮೆತ್ತನೆಯ ಪಂಚೆಗಳನ್ನು ಕತ್ತರಿಸಿ ಪುಟ್ಟಮ್ಮ ನಾಲ್ಕು ಅಂಗಿ ಹೊಲಿದರು. ಹೊಲಿಗೆಯೆಲ್ಲ ಹೊರಗೆ, ನುಣುಪೆಲ್ಲ ಒಳಗೆ. ಮರಿಯಣ್ಣ ಕೆಲಸಕ್ಕೆ ಮರಳಿದ ದಿನ ಗೇಟಿನ ಸೆಕ್ಯುರಿಟಿಯವರು, ಅಣ್ಣ, ಅಂಗಿ ಉಲ್ಟಾ ಹಾಕ್ಕೊಂಡಿದ್ದೀರ ಎಂದರಂತೆ. ಪುಟ್ಟಮ್ಮನ ಕಂಪನಿಯಲ್ಲಿ ಫಾರಿನ್‌ಗೆ ಹೋಗುವ ಫ್ಯಾಷನ್ ಇದೇ ಎಂದು ಮರಿಯಣ್ಣ ಬುರುಡೆ ಬಿಟ್ಟರು. ಸೆಕ್ಯುರಿಟಿಯವರು ನಂಬಿ, ಒಂದು ದಿನ ತಾವೂ ಹಾಗೇ ಹಾಕಿಕೊಂಡು ಬಂದು ಮಾಲೀಕರಿಂದ ಬೈಸಿಕೊಂಡರು.

ಮಾಲು ತೊಳೆದು ಒರೆಸಿದ ಮೇಲಷ್ಟೇ ನನ್ನ ಟೇಬಲ್ಲಿಗೆ ಬರಬೇಕೆಂಬ ಕಾನೂನು ಬಂತು. ಕೈಗವಸು ಬಂದವು. ಕೈ ತೊಳೆಯುವ ಕಡೆ ಇದ್ದ ಸೀಮೆಎಣ್ಣೆಯ ಬಾಟಲಿ ಹೋಗಿ ಕ್ರೀಮಿನ ಡಬ್ಬಿ ಕೂತಿತು. ತಮ್ಮ ಅರ್ಧ ದಿನ ಮುಗಿದರೂ ಮನೆಗೆ ಹೋಗದೆ ಮರಿಯಣ್ಣ ಸಂಜೆ ಶಿಫ್ಟ್ ಬಿಡುವಾಗ ಅದರ ಪಕ್ಕ ನಿಂತು ಎಲ್ಲರ ಕೈ ತಿರುಗಿಸಿ ತಿರುಗಿಸಿ ನೋಡುವರು. ಬ್ಯೂಟಿ ಪಾರ್ಲರ್ ಓಪನ್ ಆಯ್ತು ಕಣ್ರೋ ಎಂದು ಹುಡುಗಾಟ ಆಡುತ್ತಲೇ ದೊಡ್ಡ ದೊಡ್ಡ ಮೀಸೆಯ ಗಂಡಸರು ಕೈಗೆ ಕ್ರೀಮ್ ತಿಕ್ಕಿಕೊಂಡು ಮನೆಗೆ ಹೋಗುತ್ತಿದ್ದರು. ಎರಡು ತಿಂಗಳಲ್ಲಿ ಕೂಲೆಂಟ್ ಕಡಿತದ ಮೂರು ಪಂಗಡಗಳೂ ಕೆಲಸವಿಲ್ಲದೆ ಕರಗಿಹೋದವು.

ನಿಂತ ಔಷಧಿ ಮತ್ತೆ ಶುರುವಾಗಲಿಲ್ಲ. ಹಾಗೆ ಮಾಡುವುದು ಅಪಾಯ ಎಂದರು ಡಾಕ್ಟರು. ಮುಂದಿನ ಸ್ಕ್ಯಾನಿನ ದಿನ ನಾನು ಹನ್ನೆರಡು ಶಾಫ್ಟುಗಳನ್ನು ತಪ್ಪಾಗಿ ಅಳೆದೆ. ಮಧ್ಯಾಹ್ನ ಪುಟ್ಟಮ್ಮನ ಫೋನ್ ಬಂತು. ಗಡ್ಡೆ ಬೆಳೆದಿಲ್ಲ, ಇನ್ನಷ್ಟು ಸಣ್ಣಗಾಗಿದೆ. ಎಬ್ಬಿಸಿದ ಕಾವಲುಪಡೆ ಔಷಧಿಯಿಲ್ಲದೆಯೂ ಡ್ಯೂಟಿ ಮಾಡುತ್ತಿತ್ತು. ಎಲ್ಲರಿಗೂ ಹಾಗಾಗುವುದಿಲ್ಲವಂತೆ. ಇವರಿಗೆ ಆಯಿತು.

ಇಷ್ಟು ವರ್ಷ ಕಳೆದು, ಕಳೆದ ಭಾನುವಾರ ಅವರ ಮಗಳ ಮದುವೆಯ ಅರಿಶಿನ ಶಾಸ್ತ್ರ ಇತ್ತು. ಹೆಣ್ಣಿಗೆ ಹಚ್ಚಿದ ಮೇಲೆ ಅಪ್ಪನಿಗೂ ಹಚ್ಚಲೇಬೇಕೆಂದು ಹೆಂಗಸರೆಲ್ಲ ಬಟ್ಟಲು ಹಿಡಿದು ಸುತ್ತುವರಿದರು. ಮರಿಯಣ್ಣ ಅವರ ನಡುವಿನಿಂದ ನನ್ನ ಕಡೆ ತಿರುಗಿ, ಹಚ್ಕೊಬೋದಾ ಮೇಡಂ ಎಂದರು.

"ನಂಗೊತ್ತಿಲ್ಲ ಮರಿಯಣ್ಣ. ಕೇಳೋಣ ಇರಿ."

"ಆವಾಗ ಎಲ್ಲಾ ಗೊತ್ತಿತ್ತಲ್ಲ" ಎಂದರು ಮರಿಯಣ್ಣ. ಪುಟ್ಟಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ ಡಾಕ್ಟರನ್ನು ಕೇಳಿ ಬಂದು, ಈಗ ಚರ್ಮ ಚೆನ್ನಾಗಿದೆಯಲ್ಲ, ಒಂದು ಬೆರಳಿಗೆ ಬೇಕಾದರೆ ಹಚ್ಚಿ, ಉಜ್ಜಬೇಡಿ, ಆಮೇಲೆ ತೊಳೆದುಬಿಡಿ ಎಂದರು. ಮರಿಯಣ್ಣ ಎಡಗೈಯ ಕಿರುಬೆರಳು ಚಾಚಿದರು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಂದು, ಅದೊಂದೇ ಬೆರಳಿಗೆ ಒಬ್ಬೊಬ್ಬರೂ ಒಂದು ಚಿಟಿಕೆ ಅರಿಶಿನ ಮುಟ್ಟಿಸಿದರು. ತೊಳೆದು ಬಂದ ಮೇಲೂ ಆ ಹಳದಿ ಬೆರಳನ್ನು ಮೇಲೆತ್ತಿಕೊಂಡೇ ಅವರು ನೆಂಟರನ್ನು ಊಟಕ್ಕೆ ಕರೆದರು. ನಾನು ಪಂಕ್ತಿಯಲ್ಲಿ ಕೂತು, ಕೆಂಪಾಯಿತೇ, ಊದಿತೇ ಎಂದು ಅದನ್ನೇ ನೋಡುತ್ತಿದ್ದೆ. ಮರಿಯಣ್ಣ ಬಂದು ನನ್ನ ಎಲೆಯ ಮುಂದೆ ನಿಂತರು.

"ಉಣ್ಣಿ ಮೇಡಂ. ಬೆರಳು ಎಲ್ಲೂ ಓಡೋಗಲ್ಲ."

ಎಲೆಗೆ ಹೋಳಿಗೆ ಬಂದಿತ್ತು. ಮುರಿದು ತಿಂದೆ.