ಬಾಗಿಲು ಹಾಕಿಕೊಂಡವಳು

ಹೆಸರಾಂತ ಕಾದಂಬರಿಯೊಂದನ್ನು ಧಾರಾವಾಹಿ ಮಾಡಿ ಅದರ ಕೊನೆಯನ್ನೇ ಕೆಡಿಸಿದ ಟೀವಿಯವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕಥೆಯೇನು ಇವರಪ್ಪನ ಮನೆ ಆಸ್ತಿಯೇ? ಇವರು ಮಾಡಿದ ಘನಕಾರ್ಯಕ್ಕೆ ಹರಿಹರದಲ್ಲಿ ನನ್ನ ಅಮ್ಮ ಸುಳ್ಳುಬುರುಕಿ ಅನ್ನಿಸಿಕೊಂಡಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಡಿಗ್ರಿ ಓದುತ್ತಿದ್ದೆ. ಮಧ್ಯಾಹ್ನ ಅಮ್ಮ ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಕಾದಂಬರಿ ಓದಿದರೆ, ಓಣಿಯ ಹೆಂಗಸರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಕೇಳುತ್ತಿದ್ದರು. ಕಥೆಯ ವಿಷಯದಲ್ಲಿ ಅವಳು ಹೇಳಿದ್ದೇ ಕಡೆ ಮಾತು. ಧಾರಾವಾಹಿಯಾಗಿ ಬರುತ್ತಿದ್ದ ಈ ಕಾದಂಬರಿಯನ್ನು ಮಾತ್ರ, ತಾನು ಓದಿದ್ದರೂ, ಅವರಿಗೆ ಓದಿ ಹೇಳಿರಲಿಲ್ಲ. "ಈಗ್ಲೇ ಹೇಳಿದ್ರೆ ಟೀವಿ ನೋಡೋ ರುಚಿ ಕೆಡ್ತೈತೆ" ಎಂದು ಬಾಯಿ ಬಿಗಿಹಿಡಿದಿದ್ದಳು.

ಕೊನೆಯ ಕಂತಿನ ಸಂಜೆ ನಮ್ಮ ಮನೆಯಲ್ಲಿ ಓಣಿಯೇ ಸೇರಿತ್ತು. ಹೆಂಡತಿಯನ್ನು ಹೊರದೂಡಿದ್ದ ಗಂಡ ವರ್ಷಗಳ ಮೇಲೆ ಅವಳ ಬಾಗಿಲಿಗೆ ಬಂದು ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಅಮ್ಮ ಕತ್ತಲಲ್ಲೇ ಉಳಿದದ್ದನ್ನು ಹೇಳಿದಳು: ಹೆಂಡತಿ ಅವನಿಗೆ ಮಜ್ಜಿಗೆ ಕೊಡುತ್ತಾಳೆ. ಕುಡಿದಾದ ಮೇಲೆ ಲೋಟ ಒಳಗಿಟ್ಟು, ಒಂದು ಮಾತೂ ಆಡದೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಯಾರೋ ಬಿಕ್ಕಿದರು. "ಹಂಗೇ ಆಗ್ಬೇಕು ಅವ್ನಿಗೆ" ಅಂದಳು ಎದುರು ಮನೆಯಾಕೆ.

ಮಾರನೆಯ ದಿನ ದಾವಣಗೆರೆಯ ಆನೆಕೊಂಡದಿಂದ ಎದುರು ಮನೆಯಾಕೆಯ ತಂಗಿ ಬಂದಳು. ಅಲ್ಲಿ ಕರೆಂಟು ಹೋಗಿರಲಿಲ್ಲ. ಟೀವಿಯಲ್ಲಿ ಹೆಂಡತಿ ಗಂಡನ ಕಾಲಿಗೆ ಬಿದ್ದು, ಗೊಳೋ ಎಂದು ಅತ್ತು, ಅವನ ಹಿಂದೆಯೇ ಹೊರಟಳಂತೆ! ಬಾಗಿಲು ಹಾಕಿಕೊಂಡವಳನ್ನು ಹೊರಗೆಳೆದು ಕಾಲಿಗೆ ಕೆಡವಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

"ಯಾಕ್ರೀ ಅಕ್ಕಾರೆ, ಕತ್ಲಾಗೆ ಕೂಡ್ರಿಸ್ಕೊಂಡು ಸುಳ್ಳು ಹೇಳಿದ್ರಿ?" ಎಂದು ಎದುರು ಮನೆಯಾಕೆ ಜಗಳಕ್ಕೇ ಬಂದಳು.

ಅಮ್ಮ ಪುಸ್ತಕ ತಂದು ಕೊನೆಯ ಪುಟ ಓದಿದಳು.

"ಓದೋರು ನೀವು. ಅದ್ರಾಗೆ ಏನೈತೋ ನಮ್ಗೇನು ಗೊತ್ತು? ಟೀವಿಯೋರು ಇಷ್ಟು ರೊಕ್ಕ ಹಾಕಿ ತಪ್ಪು ತೋರಿಸ್ತಾರೇನು?"

ನನ್ನ ಮೈಯೆಲ್ಲ ಉರಿಯಿತು. "ಬರೆದೋರಿಗಿಂತ ಟೀವಿಯೋರಿಗೆ ಜಾಸ್ತಿ ಗೊತ್ತೈತೇನ್ರಿ?" ಎಂದು ಕೂಗಾಡಿದೆ. ಅಮ್ಮ ನನ್ನನ್ನೇ ಗದರಿ ಒಳಗೆ ಕಳಿಸಿದಳು. ಅಂದಿನಿಂದ ಮೊರಗಳೆಲ್ಲ ಎದುರು ಮನೆಯ ಕಟ್ಟೆಗೆ ಹೋದವು. ಅಮ್ಮ ಒಬ್ಬಳೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮಲೆಬೆನ್ನೂರಿನಿಂದ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳಿಗೆ ಈ ಜಗಳ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಜಗುಲಿಗೆ ಬಂದು, "ಕೊನೇ ಕಂತು ತಪ್ಪಿತ್ರಿ ಅಕ್ಕಾರೆ. ಆಕಿ ಕಡೀಗೆ ಏನು ಮಾಡಿದ್ಲು?" ಎಂದು ಕೇಳಿದಳು.

ಎದುರು ಕಟ್ಟೆಯಲ್ಲಿ ಮಾತು ನಿಂತಿತು. ಅಮ್ಮ ಒಮ್ಮೆ ಆ ಕಡೆ ನೋಡಿದಳು.

"ಕಾಲಿಗೆ ಬಿದ್ಲಮ್ಮ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅವ್ನ ಜೊತೆ ಹೋದ್ಲು."

ಮೊರಗಳು ಒಂದೊಂದಾಗಿ ನಮ್ಮ ಜಗುಲಿಗೆ ವಾಪಸಾದವು. ಕಥೆಯ ವಿಷಯದಲ್ಲಿ ಅಮ್ಮ ಸುಳ್ಳು ಹೇಳಿದ್ದು ಅದೊಂದೇ ಸಲ. ಅದನ್ನು ಎಲ್ಲರೂ ನಂಬಿದರು.