ಸವತಿಗೆ ಹಾಕಿದ ಗೊಬ್ಬರ

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಆಕೆ, ನಡುಮನೆಯ ಗಾಜಿನ ಮೀನುತೊಟ್ಟಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. ಗಡಿಯಾರ ರಿಪೇರಿ ಮಾಡುವ ಗಂಡ ಅಂಗಡಿಯಿಂದ ಬಂದವನೇ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಮೀನುಗಳೆಂದರೆ ಅಷ್ಟಕ್ಕಷ್ಟೆ; ಅವನ ಜೀವವೆಲ್ಲ ನೀರೊಳಗಿನ ಗಿಡಗಳ ಮೇಲೆ. ಬೇರಿನ ಬುಡದಲ್ಲಿ ಗೊಬ್ಬರದ ಗುಳಿಗೆ ಹುದುಗಿಸುವುದು, ಬಾಟಲಿಯ ಕಂದು ದ್ರವವನ್ನು ಹನಿಹನಿಯಾಗಿ ನೀರಿಗೆ ಬಿಡುವುದು, ಯಾವುದಕ್ಕೂ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

"ನಿನ್ನ ಕೈ ದೊಡ್ಡದು ಕಣೇ. ಸಾರಿಗೆ ಉಪ್ಪು ಸುರಿದ ಹಾಗೆ ಸುರೀತೀಯ. ನೀರು ಪಾಚಿಗಟ್ಟುತ್ತೆ, ಮೀನು ಸಾಯ್ತವೆ."

"ನಂಗೇನಂತೆ? ಸವತಿ ಉಪವಾಸ ಬಿದ್ರೆ ಒಳ್ಳೇದೇ ಆಯ್ತು."

ಒಂದು ಬೆಳಿಗ್ಗೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಗಿಡಗಳು ಸೊರಗಿ, ಎಲೆಗಳಲ್ಲಿ ತೂತುಬಿದ್ದಿದ್ದವು. ಅವನ ಕಣ್ಣಲ್ಲಿ ನೀರು ಕಂಡದ್ದೇ, ಅವಳು ಮಂಚವನ್ನು ತೊಟ್ಟಿಯ ಎದುರಿಗೆ ಎಳೆದು ಬಾಟಲಿ ಕೈಗೆತ್ತಿಕೊಂಡಳು.

"ರೀ, ನಾನು ಬಿಡ್ತಾ ಹೋಗ್ತೀನಿ. ಸಾಕು ಅನ್ನಿಸಿದಾಗ ಕಣ್ಣು ಮುಚ್ಚಿ."

ಅವನು ಮುಚ್ಚಿದ, ಅವಳು ನಿಲ್ಲಿಸಿದಳು. ದಿನಾ ಹಾಗೇ ನಡೆಯಿತು. ನೀರೊಳಗೆ ಹೊಸ ಚಿಗುರು ಕಾಣಿಸಿತು. ಅಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೂತದ್ದೇ ಇರಲಿಲ್ಲ. ಅವಳಿಗೆ ಆ ಹೊತ್ತಿನ ಮೇಲೆ ಆಸೆ ಹುಟ್ಟಿತ್ತು.

ಆ ಸಂಜೆ ಅವನು ಕಣ್ಣು ಮುಚ್ಚಲಿಲ್ಲ.

"ಇನ್ನೂ ಬೇಕಾ?" ಎಂದು ನಕ್ಕಳು. "ಸವತಿಗೆ ಇವತ್ತು ಭಾರೀ ಹಸಿವು ನೋಡಿ." ಮತ್ತೆ ಬಿಟ್ಟಳು, ಮತ್ತೂ ಬಿಟ್ಟಳು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣುಗಳು ತೆರೆದೇ ಇದ್ದವು. ಬಾಟಲಿ ಅರ್ಧ ಖಾಲಿಯಾದ ಮೇಲೆ ಅವನ ಬಾಯಿಯ ಕೊನೆಯಿಂದ ಜೊಲ್ಲು ಇಳಿಯುತ್ತಿರುವುದು ಕಂಡಿತು. ಭುಜ ಹಿಡಿದು ಅಲುಗಾಡಿಸಿದಳು. ಅಲುಗಾಡಿದ, ಅಷ್ಟೆ.

"ಯಾವಾಗ ಶುರುವಾಯ್ತಮ್ಮ?" ಎಂದು ಮನೆಗೆ ಬಂದ ಡಾಕ್ಟರು ಕೇಳಿದರು.

"ಈಗಷ್ಟೇ," ಅಂದುಬಿಟ್ಟಳು.

ಎರಡನೇ ಲಕ್ವ ಅವನನ್ನು ಉಳಿಸಲಿಲ್ಲ. ಮಣ್ಣು ಮುಗಿಸಿ ಬಂದಾಗ ತೊಟ್ಟಿಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಂಡನ ಮನೆಯಿಂದ ಬಂದಿದ್ದ ಮಗಳು ಮೂಗು ಮುಚ್ಚಿಕೊಂಡಳು.

"ಅಮ್ಮಾ, ಇದಕ್ಕೆ ಏನು ಹಾಕಿದೆ?"

"ನಿಮ್ಮಪ್ಪ ಸಾಕು ಅನ್ನಲೇ ಇಲ್ಲ ಕಣೇ."

ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡ ಮಗಳು ಮುಂದೆ ಕೇಳಲಿಲ್ಲ. ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿದಳು, ಗಿಡಗಳನ್ನು ಬೇರುಸಮೇತ ಕಿತ್ತು ಕಸಕ್ಕೆ ಹಾಕಿದಳು. ತಾಯಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಶಾಲೆ ತೆರೆಯುವ ಕಾಲ. ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಹೋಗಿ ಮಿಷನ್ನಿನ ಮುಂದೆ ಕೂತಳು. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಮಾತ್ರ ಮಗಳನ್ನೇ ಕರೆಯಬೇಕಾಯಿತು.