ತಮ್ಮನಿಗೆ ಬರೆದುಕೊಟ್ಟ ಕೆಲಸ

ನಮ್ಮಪ್ಪ ಗುಬ್ಬಿಯ ದನದ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ಸರ್ಕಾರಿ ಕಾಗದದಲ್ಲಿ ಡಿ ಗ್ರೂಪ್ ನೌಕರ, ಸುತ್ತಲ ಹಳ್ಳಿಯವರ ಬಾಯಲ್ಲಿ ಮಾತ್ರ ಡಾಕ್ಟರು. ನಿಜವಾದ ಡಾಕ್ಟರು ಮೀಟಿಂಗಿಗೆಂದು ತುಮಕೂರಿಗೆ ಹೋದ ದಿನ ಹೊಟ್ಟೆ ಉಬ್ಬರಿಸಿಕೊಂಡ ಹಸು ಬಂದರೂ ಕಾಲು ಮುರಿದ ಮೇಕೆ ಬಂದರೂ ಅಪ್ಪನೇ ನೋಡುತ್ತಿದ್ದರು.

ಸ್ಕೂಲು ಬಿಟ್ಟ ಮೇಲೆ ನಾನು ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆ. ಅಪ್ಪನ ಖಾಲಿ ಊಟದ ಡಬ್ಬಿ ತರುವುದು ಒಂದು ನೆಪ. ಸೂಜಿ ಚುಚ್ಚುವ ಮೊದಲು ಆ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರೆ ದನ ಬೆದರುವುದಿಲ್ಲ, ಒದೆಯುವ ಎಮ್ಮೆಯ ಹತ್ತಿರ ಹೋಗುವಾಗ ಮಾತಾಡುತ್ತಲೇ ಹೋಗಬೇಕು ಎನ್ನುವುದನ್ನೆಲ್ಲ ಅಪ್ಪ ನನಗೆ ಕೂರಿಸಿ ಹೇಳಿಕೊಡಲಿಲ್ಲ. ನೋಡಿ ನೋಡಿ ಬಂತು. ಪಿಯುಸಿ ಓದುವಾಗ ಒಂದು ಮೇಕೆಗೆ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಅಪ್ಪನ ಕೈ ದೊಡ್ಡದು. "ನಿನ್ ಕೈ ಸಣ್ಣದು, ಸೋಪಾಕಿ ತೊಳ್ಕಂಡು ಬಾವ್ವ" ಎಂದರು. ಅವರು ಹೇಳಿದ ಹಾಗೆ ಕಾಲು ಹುಡುಕಿ, ತಿರುಗಿಸಿ, ಎಳೆದೆ. ಮರಿ ಬದುಕಿತು. ಮೇಕೆಯ ಒಡತಿ ಕೈ ಮುಗಿದಾಗ ಅಪ್ಪ, "ನನಗ್ಯಾಕವ್ವ ಮುಗೀತೀಯಾ, ತೆಗ್ದೋಳು ನನ್ ಮಗ್ಳು" ಎಂದರು. ಅವತ್ತು ಮನೆಯವರೆಗೂ ನಾನು ನಡೆದದ್ದೇ ಗೊತ್ತಾಗಲಿಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಡ್ಯೂಟಿಯಲ್ಲೇ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಸರ್ವಿಸ್‌ನಲ್ಲಿದ್ದವರು ತೀರಿಕೊಂಡರೆ ಮನೆಯ ಒಬ್ಬರಿಗೆ ಅನುಕಂಪದ ಕೆಲಸ ಕೊಡುತ್ತಾರೆ. ತಿಥಿಯ ಅಡುಗೆ ಪಾತ್ರೆ ಇನ್ನೂ ಹಿತ್ತಿಲಲ್ಲಿದ್ದಾಗಲೇ ದೊಡ್ಡಪ್ಪ ಆ ಮಾತು ತೆಗೆದರು. "ಹುಡುಗನ ಹೆಸ್ರಲ್ಲಿ ಅರ್ಜಿ ಹಾಕಣ."

"ನಾನು ಹೋಗ್ತೀನಿ ದೊಡ್ಡಪ್ಪ" ಎಂದೆ.

ದೊಡ್ಡಪ್ಪ ನಕ್ಕರು. "ಏನವ್ವಾ ನೀನು! ಹೋರಿ ಬೀಜ ಒಡೆಯೋ ಜಾಗ್ದಲ್ಲಿ ಹೆಣ್ಮಗ ನಿಂತ್ಕಳಕಾಯ್ತದಾ?"

ಅಮ್ಮ ನಗಲಿಲ್ಲ. "ನೀನು ನಾಳೆ ಇನ್ನೊಬ್ರ ಮನೆಗೆ ಹೋಗೋಳು. ಕೆಲ್ಸಾನೂ ನಿನ್ ಹಿಂದೆ ಅಲ್ಲಿಗೇ ಹೋಯ್ತದೆ. ಆಮೇಲೆ ನಾನು ಯಾರ ಮುಖ ನೋಡ್ಲಿ?"

ನನ್ನ ತಮ್ಮ ಹೊಸ್ತಿಲ ಹತ್ತಿರ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದ. ಆಗ ಅವನು ತುಮಕೂರಿನಲ್ಲಿ ಐಟಿಐ ಓದುತ್ತಿದ್ದ, ಮೆಕ್ಯಾನಿಕ್ ಟ್ರೇಡು. ದನ ಕಂಡರೆ ಮಾರುದೂರ ಹೋಗುವವನು. ಅವನು ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದರೆ ಕೆಲಸ ತಾನಾಗಿ ಕೈಗೆ ಬೀಳುತ್ತದೆ ಎಂಬ ಲೆಕ್ಕಾಚಾರ ಅದು ಎಂದುಕೊಂಡೆ. ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ತಾಲ್ಲೂಕು ಆಫೀಸಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅಫಿಡವಿಟ್ ಮಾಡಿಸಿದರು. 'ನನ್ನ ಸಹೋದರನಿಗೆ ನೌಕರಿ ನೀಡಲು ನನ್ನದೇನೂ ಆಕ್ಷೇಪಣೆ ಇರುವುದಿಲ್ಲ' ಎಂದಿತ್ತು. ಓದಿ ಸಹಿ ಹಾಕಿದೆ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಒಳ್ಳೆಯ ಮಗಳು ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ತಮ್ಮನಿಗೆ ಕುಣಿಗಲ್ ಕಡೆಯ ಒಂದು ದನದ ಆಸ್ಪತ್ರೆಗೆ ಆರ್ಡರ್ ಬಂತು. ನಾನು ಡಿಗ್ರಿ ಮುಗಿಸಿ ಗುಬ್ಬಿಯ ಒಂದು ಕಾನ್ವೆಂಟಿನಲ್ಲಿ ಯುಕೆಜಿ ಮಕ್ಕಳಿಗೆ ರೈಮ್ಸ್ ಹೇಳಿಕೊಟ್ಟೆ. ಎರಡು ವರ್ಷದ ಮೇಲೆ ಟ್ರೈನಿಂಗ್ ಆದವರೇ ಬೇಕೆಂದು ನನ್ನನ್ನು ಬಿಡಿಸಿದರು. ಮದುವೆಯಾಗಿ ತುಮಕೂರಿನ ಶೆಟ್ಟಿಹಳ್ಳಿಗೆ ಬಂದೆ. ಗಂಡ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಮಗಳು ಹುಟ್ಟಿದ ಮೇಲೆ ಗಾರ್ಮೆಂಟ್ಸ್ ಸೇರಿದೆ. ನಾಲ್ಕು ವರ್ಷದಲ್ಲಿ ಒಂದು ಪೂರ್ತಿ ಶರ್ಟನ್ನೂ ಹೊಲಿಯಲಿಲ್ಲ, ಬರೀ ಕಾಲರ್. ಆಮೇಲೆ ಸೀರೆ ಅಂಗಡಿ. ಬಿಡಿಸುವುದು, ಮಡಿಸುವುದು, ಗಿರಾಕಿ ಇಲ್ಲದಾಗಲೂ ನಿಂತೇ ಇರುವುದು. ಕೂರುವ ಹಾಗಿರಲಿಲ್ಲ.

ಹಬ್ಬಕ್ಕೆ ಸೇರಿದಾಗಲೆಲ್ಲ ತಮ್ಮನದು ಒಂದೇ ರಾಗ. "ಎಷ್ಟ್ ಸ್ನಾನ ಮಾಡಿದ್ರೂ ಸಗಣಿ ವಾಸ್ನೆ ಹೋಗಲ್ಲ ಕಣಕ್ಕ." ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಒಂದು ಸಲ ಕುಣಿಗಲ್‌ನಲ್ಲಿ ಮದುವೆಗೆ ಹೋದವಳು ಅಮ್ಮ ಕೊಟ್ಟ ಚಕ್ಕಲಿ ಕೊಡಲು ಅವನ ಆಸ್ಪತ್ರೆಗೆ ಹೋದೆ. ರೈತರೊಬ್ಬರು ಹಸು ತಂದಿದ್ದರು. ತಮ್ಮ ಹಗ್ಗವನ್ನು ಉದ್ದ ಬಿಟ್ಟು ದೂರ ನಿಂತಿದ್ದ. ಹಸು ಬೆದರಿ ಸುತ್ತುತ್ತಿತ್ತು, ಡಾಕ್ಟರು ಸಿರಿಂಜ್ ಹಿಡಿದು ಅದರ ಹಿಂದೆ ಸುತ್ತುತ್ತಿದ್ದರು. ನಾನು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೋಗಿ, ಹಗ್ಗ ಗಿಡ್ಡ ಮಾಡಿ, ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಾ ನಿಂತೆ. ಇಂಜೆಕ್ಷನ್ ಆಯಿತು.

"ನೀವೂ ಡಿಪಾರ್ಟ್‌ಮೆಂಟೇನಾ ಮೇಡಂ?" ಎಂದರು ರೈತರು.

"ಇಲ್ಲ ಇಲ್ಲ, ನಮ್ಮಕ್ಕ. ಸೀರೆ ಅಂಗ್ಡೀಲಿ ಕೆಲ್ಸ" ಎಂದ ತಮ್ಮ.

ಬಸ್ಸಿನಲ್ಲಿ ವಾಪಸ್ ಬರುವಾಗ ಕೈಯಿಂದ ಹಸುವಿನ ವಾಸನೆ ಬರುತ್ತಿತ್ತು. ಹೆಬ್ಬೂರು ದಾಟುವವರೆಗೂ ಅತ್ತೆ.

ಹೋದ ವರ್ಷ ಅಮ್ಮ ಫೋನ್ ಮಾಡಿ, ತಮ್ಮ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೂರು ತಿಂಗಳಾಯಿತು, ಕುಣಿಗಲ್‌ನಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ, ನಿನಗೆ ಹೇಳಲು ಹೆದರುತ್ತಿದ್ದಾನೆ ಎಂದಳು. ಮರುದಿನವೇ ಹೋದೆ. ಒಂದು ಹಳೇ ಬೈಕನ್ನು ಸ್ಟಾರ್ಟ್ ಮಾಡಿ, ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳುತ್ತಿದ್ದ. ಅಪ್ಪ ಹಸುವಿನ ಹೊಟ್ಟೆಗೆ ಕಿವಿ ಕೊಡುತ್ತಿದ್ದದ್ದೂ ಹಾಗೇ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆಚ್ಚು ಸಿಟ್ಟು ಬಂತು.

"ಅದು ಅಪ್ಪನ ಜೀವ ಹೋಗಿ ಬಂದಿದ್ ಕೆಲ್ಸ ಕಣೋ. ಬೇಡದಿದ್ರೆ ಅವತ್ತೇ ಹೇಳಕ್ಕೇನಾಗಿತ್ತು?"

ಅವನು ಬೈಕ್ ಆಫ್ ಮಾಡಿದ. "ಕೇಳಿದ್ದು ಯಾರು ನನ್ನ? ಓದ್ತಿದ್ದೋನ್ನ ಬಿಡಿಸ್ಕಂಡ್ ಬಂದ್ರು. ನೀನು ಜಗಳ ಆಡ್ತೀಯ, ನಿನಗೇ ಆಯ್ತದೆ, ನಾನು ಉಳ್ಕಂಡೆ ಅಂತ ಕಾಯ್ತಾ ಕೂತಿದ್ದೆ. ನೀನು ಸೈನ್ ಹಾಕ್‌ಬುಟ್ಟೆ."

"ನಾನು ಹಾಕಿದ್ದು ನಿನಗೋಸ್ಕರ."

"ನನಗ್ ಬೇಕಿತ್ತಾ ಅಂತ ಒಂದ್ ಮಾತು ಕೇಳಿದ್ಯಾ ಅಕ್ಕ?"

ಕೇಳಿರಲಿಲ್ಲ. ಅವನು ತರಿಸಿದ ಟೀ ಕುಡಿಯದೆ ಎದ್ದು ಬಂದೆ. ಅವನು ಹೇಳಿದ್ದು ನಿಜ ಎಂದು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲೇ ಗೊತ್ತಾಗಿತ್ತು. ಗೊತ್ತಾದದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ. ಅಲ್ಲಿಯವರೆಗೆ ಬೈಯಲು ಒಬ್ಬನಾದರೂ ಇದ್ದ.

ತಡೆಯಲಾಗದೆ ತುಮಕೂರಿನಲ್ಲಿ ಇಲಾಖೆಯ ಆಫೀಸಿಗೂ ಒಮ್ಮೆ ಹೋಗಿ ವಿಚಾರಿಸಿದೆ. ಗುಮಾಸ್ತರು ಒಳ್ಳೆಯವರು, ಕೂರಿಸಿ ಮಾತಾಡಿದರು. "ಒಂದ್ಸಲ ಕೊಟ್ರೆ ಮುಗೀತಮ್ಮ. ಅವ್ರು ಬಿಟ್ರು ಅಂತ ನಿಮಗೆ ಬರಲ್ಲ. ಈಗ ಆ ಕೆಲ್ಸಕ್ಕೆಲ್ಲ ಔಟ್‌ಸೋರ್ಸ್‌ನಲ್ಲಿ ತಗೋತಾರೆ. ನಿಮಗೂ ವಯಸ್ಸಾಯ್ತಲ್ಲ."

ಈಗ ನಾನು ತುಮಕೂರಿನ ಒಂದು ನಾಯಿ-ಬೆಕ್ಕಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸಕ್ಕಿದ್ದೇನೆ. ನಾಯಿ ಕಚ್ಚಲು ಬಂದಾಗ ಡಾಕ್ಟರಮ್ಮ ನನ್ನನ್ನೇ ಕೂಗುತ್ತಾರೆ. ನನಗಿಂತ ಚಿಕ್ಕವರು. "ಇಷ್ಟ್ ಚೆನ್ನಾಗಿ ಹಿಡೀತೀರಲ್ಲ, ಎಲ್ಲಿ ಕಲಿತ್ರಿ? ನೀವು ಈ ಲೈನಿಗೇ ಬರ್ಬೇಕಿತ್ತು" ಎಂದರು ಮೊನ್ನೆ. "ಹೌದು ಮೇಡಂ" ಎಂದು ಮುಂದಿನ ಟೋಕನ್ ಕೂಗಿದೆ. ನಾಯಿಗಳ ಮಾಲೀಕರು ಮುದ್ದಿನಿಂದ ಇಟ್ಟ ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ದೊಡ್ಡ ದನಗಳು ಇಲ್ಲಿಗೆ ಬರುವುದಿಲ್ಲ.

ಆಯುಧಪೂಜೆಗೆ ತಮ್ಮ ಗ್ಯಾರೇಜಿಗೆ ಕರೆದಿದ್ದ. ಅಮ್ಮ ಹೋದಳು, ನಾನು ಹೋಗಲಿಲ್ಲ. ಫೋನಿನಲ್ಲಿ ಮಾತಾಡುತ್ತೇವೆ. ಅಮ್ಮನ ಬಿಪಿ ಮಾತ್ರೆ ಮುಗಿಯಿತಾ ಎಂದು ನಾನು ಕೇಳುತ್ತೇನೆ, ಇನ್ನೊಂದು ವಾರಕ್ಕಿದೆ ಎನ್ನುತ್ತಾನೆ. ಕೆಲಸ ಹೇಗಿದೆ ಎಂದು ಅವನೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ.